ಆಫ್ ಎಂದು ಬರೆದಿದ್ದ ಸ್ವಿಚ್ಚು

ವಿಮಾನದ ಸ್ವಿಚ್ಚು ಕಾರಿಗೆ ಯಾಕೆ ಎಂದು ಕೇಳಿದವರಿಗೆ ಹಳೇ ಕಾರುಗಳಿಗೆ ತಂತಿ ಕೂರಿಸುವ ವೈರಿಂಗ್ ಅಕ್ಕ ಬಾಯಲ್ಲಿ ಉತ್ತರ ಕೊಡುತ್ತಿರಲಿಲ್ಲ. ಗುಜರಿ ಸೇರಿದ ವಿಮಾನದಿಂದ ಕಿತ್ತು ತಂದದ್ದೊಂದನ್ನು ಅವರ ಕೈಗಿಟ್ಟು, "ಒತ್ತಿ ನೋಡಿ" ಎನ್ನುತ್ತಿದ್ದಳು. ಟಪ್ ಎಂದು ಕೂರುವ ಆ ಸದ್ದು ಕೇಳಿದ ಮೇಲೆ ಪ್ಲಾಸ್ಟಿಕ್ಕಿನದೇ ಸಾಕು ಎಂದವರು ಒಬ್ಬರೂ ಇಲ್ಲ. ಹಳೇ ಕಾರಿನ ಹುಚ್ಚು ಹಿಡಿದವರು ಮಕ್ಕಳಿಗಿಂತ ಕಡೆ.

ಆ ಮಧ್ಯಾಹ್ನ ಅಕ್ಕನ ಷೆಡ್ಡಿನಲ್ಲಿದ್ದದ್ದು ಹಲ್ಲಿನ ಡಾಕ್ಟರ ಹಸಿರು ಕಾರು, ಗೋಡೆಗೆ ಮೂತಿ ಮಾಡಿ ನಿಂತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಮುಚ್ಚಳದ ಸ್ವಿಚ್ಚು. ವಿಮಾನದಲ್ಲಿ ಅದು ಇಂಜಿನ್ನಿನ ಕಿಡಿಯನ್ನು ಕೊಲ್ಲುವ ಸ್ವಿಚ್ಚು. ಅದರ ಹುಟ್ಟುಗುಣವೇ ತಿರುಗಾಮುರುಗಾ. ಕೆಳಗೆ ‘ಆಫ್’ ಕಡೆ ಒತ್ತಿದರೆ ಒಳಗೆ ಕರೆಂಟು ಕೂಡುತ್ತದೆ, ಮೇಲೆ ‘ಆನ್’ ಕಡೆ ಎತ್ತಿದರೆ ಕಡಿಯುತ್ತದೆ. ಹಾಗಾಗಿ ಕಾರಿಗೆ ಹಾಕಿದರೆ ಆಫ್‌ನಲ್ಲಿ ಓಡುತ್ತದೆ, ಆನ್‌ನಲ್ಲಿ ಸಾಯುತ್ತದೆ. ತಲೆಕೆಳಗು ಮಾಡಿ ಕೂರಿಸುತ್ತೇನೆ ಎಂದರೆ ಡಾಕ್ಟರು ಒಪ್ಪಿರಲಿಲ್ಲ. "ಅಕ್ಷರ ನೆಟ್ಟಗಿರಲಿ ಅಕ್ಕಾ. ಕದಿಯೋಕೆ ಬಂದವನು ತಲೆ ಕೆರ್ಕೊಂಡು ಸಾಯಲಿ" ಎಂದು ನಕ್ಕಿದ್ದರು.

ಷೆಡ್ಡಿನ ಹಿಂದಿನ ಕೋಣೆಯಲ್ಲಿ ಅಕ್ಕನ ತಂಗಿ ಇದ್ದಳು. ಗಂಡನ ಮನೆ ಬಿಟ್ಟು ಬಂದು ಒಂದು ವಾರ. ಬಂದ ದಿನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಹೋದ ವರ್ಷವೂ ಹೀಗೇ ಬಂದಿದ್ದಳು. ಆಗ "ಹೊಂದ್ಕೊಂಡು ಹೋಗಮ್ಮ" ಎಂದು ಬುದ್ಧಿ ಹೇಳಿ, ತಲೆ ಬಾಚಿ ವಾಪಸ್ ಕಳಿಸಿದ್ದವಳು ಇದೇ ಅಕ್ಕ. ಈ ಸಲ ಕಳಿಸಿದರೆ ಮುಂದಿನ ಸಲ ಬರುವುದು ಹೆಣವೇ ಎಂದು ಅವಳಿಗೆ ಖಾತ್ರಿಯಿತ್ತು.

ತಂಗಿಯ ಗಂಡ ಬಂದದ್ದು ಬೈಕಿನಲ್ಲಿ. ಬೀದಿಯವರ ಕಣ್ಣಿಗೆ ಹಸುವಿನಂಥವನು. ಗೋಮುಖ ವ್ಯಾಘ್ರ ಎಂಬ ಮಾತು ಇಂಥವನನ್ನು ನೋಡಿಯೇ ಹುಟ್ಟಿದ್ದಿರಬೇಕು. ಒಳಗೆ ಬಂದವನೇ ಷಟರ್ ಅರ್ಧ ಎಳೆದ.

"ಅಕ್ಕಾವ್ರೇ, ನನ್ನ ಹೆಂಡ್ತಿನ ಕಳಿಸಿ. ಮರ್ಯಾದೆಯಾಗಿ ಕೇಳ್ತಿದೀನಿ."

"ಮರ್ಯಾದೆ ಇದ್ದಿದ್ರೆ ಅವಳ್ಯಾಕೆ ಬರ್ತಿದ್ಲು? ಬಂದ ದಾರಿಗೆ ಸುಂಕ ಇಲ್ಲ, ನಡಿ ಆಚೆ!"

ಅವನು ಅಕ್ಕನನ್ನು ಪಕ್ಕಕ್ಕೆ ತಳ್ಳಿ ಕೋಣೆಗೆ ನುಗ್ಗಿದ. ತಂಗಿಯನ್ನು ಜುಟ್ಟು ಹಿಡಿದು ನೆಲದ ಮೇಲೆ ದರದರನೆ ಎಳೆದುಕೊಂಡು ಬಂದ. ಅಕ್ಕ ಕೈಗೆ ಸಿಕ್ಕ ಸ್ಪ್ಯಾನರ್ ಬೀಸಿದಳು. ಅವನ ಕಿವಿ ಹರಿದು ರಕ್ತ ಅಂಗಿಗೆ ಇಳಿಯಿತು. ಅವನು ತಂಗಿಯ ತಲೆಯನ್ನು ಕಾರಿನ ಬಾಗಿಲಿಗೆ ಚಚ್ಚಿ ಒಳಗೆ ನೂಕಿದ. ಆಮೇಲೆ ಅಕ್ಕನ ಕಡೆ ತಿರುಗಿದ. ಹೊಟ್ಟೆಗೆ ಒಂದು ಒದೆ ಬಿತ್ತು, ಉಸಿರೇ ನಿಂತಿತು. ಅವಳ ಬಲಗೈ ಎಳೆದು ಬೆಂಚಿನ ಮೇಲೆ ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ದವಡೆಗೆ ಇಟ್ಟು ಹಿಡಿ ತಿರುಗಿಸಿದ.

"ಬೈಕಲ್ಲಿ ಇವಳನ್ನ ಹೊತ್ಕೊಂಡು ಹೋಗೋಕಾಗಲ್ಲ. ಈ ಕಾರು ಹೇಗೆ ಸ್ಟಾರ್ಟ್ ಆಗುತ್ತೆ, ಹೇಳು."

ಅಕ್ಕ ಹಲ್ಲು ಕಚ್ಚಿದಳು. ಇನ್ನೊಂದು ಸುತ್ತು ತಿರುಗಿತು. ಬೆರಳಿನ ಮೂಳೆ ಮುರಿದ ಸದ್ದು ಮೂವರಿಗೂ ಕೇಳಿಸಿತು. ಅಕ್ಕನಿಗೆ ತಡೆಯಲಾಗಲಿಲ್ಲ. ತಡೆಯಬೇಕಿತ್ತು, ಆದರೆ ಮೂಳೆ ಮಾಂಸದ ಕೈ ಅದು.

"ಕೆಂಪು ಸ್ವಿಚ್ಚು... ಆಫ್ ಕಡೆ ಒತ್ತು. ಆಮೇಲೆ ಕೆಳಗಿನ ಬಟನ್ನು."

"ಆಫ್ ಮಾಡಿದ್ರೆ ಓಡೋ ಕಾರು ಯಾವ ಲೋಕದಲ್ಲಿದೆಯೇ? ನನ್ನ ಕಿವಿಗೇ ಹೂ ಇಡ್ತೀಯಾ?"

ಅವಳ ಕೈಯನ್ನು ವೈಸಿನಲ್ಲೇ ಬಿಟ್ಟು ಹೋಗಿ ಕಾರಿನಲ್ಲಿ ಕೂತ. ಮೊದಲೇ ಆನ್‌ನಲ್ಲಿದ್ದ ಸ್ವಿಚ್ಚನ್ನು ಹಾಗೇ ಬಿಟ್ಟು ಬಟನ್ ಒತ್ತಿದ. ಇಂಜಿನ್ನು ಗರಗರ ತಿರುಗಿತೇ ಹೊರತು ಹತ್ತಲಿಲ್ಲ. ಮತ್ತೆ ಒತ್ತಿದ, ಮತ್ತೆ ಅದೇ ಕಥೆ. ಒಂದೇ ಒಂದು ಸಲ ಕೆಳಗೆ ಒತ್ತಿ ನೋಡಿದ್ದರೆ ಅವನ ಕೆಲಸ ಆಗುತ್ತಿತ್ತು. ಆದರೆ ಹೆಂಗಸು ಹೇಳಿದ್ದನ್ನು ಪರೀಕ್ಷೆ ಮಾಡುವುದೂ ಅವನಿಗೆ ಅವಮಾನ! "ತಂತಿ ಕಿತ್ತಿಟ್ಟಿದಾಳೆ ರಂಡೆ" ಎಂದು ಇಳಿದು ಹೋಗಿ, ಗೋಡೆಗೂ ಕಾರಿಗೂ ನಡುವೆ ನಿಂತು ಬಾನೆಟ್ ಎತ್ತಿದ.

ಅಕ್ಕ ಎಡಗೈಯಿಂದ ವೈಸಿನ ಹಿಡಿ ಹಿಂದಕ್ಕೆ ತಿರುಗಿಸುತ್ತಿದ್ದಳು. ಆಗ ಕಂಡಳು: ತಂಗಿ ಮೆಲ್ಲಗೆ ಸ್ಟೇರಿಂಗಿನ ಹಿಂದಕ್ಕೆ ಸರಿಯುತ್ತಿದ್ದಾಳೆ. ಇದೇ ಷೆಡ್ಡಿನಲ್ಲಿ ಅಪ್ಪನಿಂದ ಕಾರು ಕಲಿತವಳು ಅವಳೂ. ಗೇರು ಹಾಕಿದಳು, ಸ್ವಿಚ್ಚನ್ನು ಆಫ್‌ಗೆ ಒತ್ತಿದಳು, ಬಟನ್ನಿಗೆ ಹೆಬ್ಬೆರಳು ಇಟ್ಟಳು.

ಕಾರು ಮುಂದಕ್ಕೆ ಹಾರಿತು. ಬಾನೆಟ್ ಧಡಾರನೆ ಬಿತ್ತು. ಬಂಪರಿಗೂ ಗೋಡೆಗೂ ನಡುವೆ ಅವನ ತೊಡೆಗಳು ಸಿಕ್ಕಿಕೊಂಡವು. ಹಿಂದಿನ ಚಕ್ರಗಳು ಎಣ್ಣೆ ಕುಡಿದ ನೆಲದ ಮೇಲೆ ಜಾರುತ್ತ, ಮತ್ತೆ ಕಚ್ಚುತ್ತ, ಕಾರನ್ನು ಇನ್ನೂ ಇನ್ನೂ ಒತ್ತುತ್ತಿದ್ದವು. ಅವನು ಬಾನೆಟ್ಟನ್ನು ಎರಡೂ ಕೈಯಲ್ಲಿ ಬಡಿದು ಅರಚಿದ.

"ಆಫ್ ಮಾಡೇ! ಆಫ್ ಮಾಡು!"

"ಆಫಲ್ಲೇ ಇದೆ ರೀ" ಎಂದಳು ತಂಗಿ, ಗಾಜಿನಾಚೆ ಅವನನ್ನೇ ನೋಡುತ್ತ. "ಬರೆದಿದೆ ನೋಡಿ. ಓದೋಕೆ ಬರುತ್ತಲ್ಲ ನಿಮಗೆ?" ಅಷ್ಟೂ ಹೇಳಿ ಆಕ್ಸಿಲರೇಟರಿನ ಮೇಲೆ ಕಾಲನ್ನು ಇನ್ನಷ್ಟು ಒತ್ತಿದಳು.

ಅಕ್ಕನ ಕೈ ವೈಸಿನಿಂದ ಹೊರಬಂತು. ಅದನ್ನು ಕೈ ಎನ್ನುವ ಹಾಗಿರಲಿಲ್ಲ. ಓಡಿದಳು. "ಸಾಕು ಕಣೇ! ಸತ್ತೋಗ್ತಾನೆ!" ಅವನ ತಲೆ ಬಾನೆಟ್ಟಿನ ಮೇಲೆ ವಾಲಿತ್ತು. ಕಿಟಕಿಯಿಂದ ಎಡಗೈ ತೂರಿಸಿ ಸ್ವಿಚ್ಚಿಗೆ ಚಾಚಿದಳು. ತಂಗಿ ಆ ಮಣಿಕಟ್ಟನ್ನು ಹಿಡಿದುಕೊಂಡಳು, ಎಂಥ ಪಟ್ಟು ಅದು!

"ಸಾಯಲಿ ಬಿಡಕ್ಕಾ."

"ಕಾಲು ತೆಗಿ!"

"ಸಾಯಲಿ."

ಅಕ್ಕ ಮುರಿದ ಬಲಗೈ ಎತ್ತಿ ತಂಗಿಯ ಕೆನ್ನೆಗೆ ಹೊಡೆದಳು. ನೋವಿಗೆ ಅವಳದೇ ಕಣ್ಣು ಕತ್ತಲೆಗಟ್ಟಿತು. ತಂಗಿಯ ಹಿಡಿತ ಸಡಿಲವಾಯಿತು. ಸ್ವಿಚ್ಚು ಆನ್‌ಗೆ ಎದ್ದಿತು, ಇಂಜಿನ್ನು ಸತ್ತಿತು. ಷೆಡ್ಡಿನಲ್ಲಿ ಅವನ ನರಳಾಟ ಮಾತ್ರ ಉಳಿಯಿತು. ಜೀವ ಹೋಗಿರಲಿಲ್ಲ, ಕಾಲು ಎರಡೂ ಹೋಗಿದ್ದವು. ಇನ್ನು ಅವನು ಯಾರನ್ನೂ ಎಳೆದುಕೊಂಡು ಹೋಗುವಂತಿರಲಿಲ್ಲ.

ತಂಗಿಯ ಕೆನ್ನೆಯ ಮೇಲೆ ಅಕ್ಕನ ಕೈಯ ರಕ್ತ ಅಚ್ಚಾಗಿತ್ತು.

"ನೀನೂ ಹೊಡೆದೆ" ಎಂದಳು.

"ಹೊಡೆದೆ ಕಣೇ. ಅವನು ಸತ್ತಿದ್ರೆ ನಿನ್ನನ್ನ ಜೈಲಿಗೆ ಕಳಿಸಬೇಕಿತ್ತು ನಾನು. ಒಂದು ಸಲ ಕಳಿಸಿದ್ದೇ ಸಾಕು ಈ ಜನ್ಮಕ್ಕೆ." ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಕೆನ್ನೆ ಒರೆಸೋಣವೆಂದು ಎಡಗೈ ಚಾಚಿದಳು.

ತಂಗಿ ಥಟ್ಟನೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಸೀಟಿನ ಮೂಲೆಗೆ ಮುದುಡಿದಳು.