ಎಡಕ್ಕೆ ವಾಲಿದ ಸ್ಟ್ಯಾಂಡು

"ಎಡಗಡೆ ಎತ್ರೋ! ಎಡಕ್ಕೆ ವಾಲ್ತಾ ಇದೆ!"

ಶವಪೆಟ್ಟಿಗೆಯ ತಲೆಯ ಕಡೆ ಹಿಡಿದಿದ್ದ, ಎಲ್ಲರೂ ಪೈಪು ಎಂದೇ ಕರೆಯುತ್ತಿದ್ದ ಹುಡುಗ ಕೂಗಿದ. ಮೂರನೇ ಮಹಡಿಯಿಂದ ಇಳಿಯುವ ಆ ಮೆಟ್ಟಿಲು ಕಟ್ಟಿದವನಿಗೆ ಮನುಷ್ಯರು ಮಲಗಿಕೊಂಡೂ ಇಳಿಯಬೇಕಾದೀತು ಎಂದು ಹೊಳೆದಿರಲಿಲ್ಲ. ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಹೊತ್ತವರು ನಾಲ್ವರೂ ವಿಮಾನಕ್ಕೆ ಇಂಧನ ತುಂಬುವವರು. ಒಳಗೆ ಮಲಗಿದ್ದವನೇ ಅವರಿಗೆಲ್ಲ ಬೈದು ಬೈದು ಕೆಲಸ ಕಲಿಸಿದವನು.

"ಬಕೆಟ್ಟಣ್ಣ ಹೊರಗಿದ್ದಿದ್ರೆ ಇಷ್ಟೊತ್ತಿಗೆ ಕೆಳಗೊಂದು ಬಕೆಟ್ ಹಿಡ್ದಿರ್ತಿದ್ದ," ಅಂದ ಒಬ್ಬ.

ಮೊದಲು ನಕ್ಕವಳು ಬಕೆಟ್ಟಣ್ಣನ ಹೆಂಡತಿ. ಉಳಿದವರಿಗೆ ಆಮೇಲೆ ಧೈರ್ಯ ಬಂತು.

ಮಗಳು ನಗಲಿಲ್ಲ. ಅವಳ ಕೈಚೀಲದಲ್ಲಿ ಅಪ್ಪ ತನ್ನ ಕೈಯಾರೆ ಬರೆದ ಒಂದು ಹಾಳೆಯಿತ್ತು. ಅದರಲ್ಲಿ ಒಂದೇ ಸಾಲು: ಮೂರನೇ ಸ್ಟ್ಯಾಂಡು ಎಡಕ್ಕೆ ವಾಲಿದೆ. ಕೆಳಗೆ ವಿಮಾನ ನಿಲ್ದಾಣದ ಮ್ಯಾನೇಜರ ಸಹಿಗೆ ಜಾಗ. ಸ್ಮಶಾನದಲ್ಲಿ ಇವರ ಸರದಿ ಮೂರು ಗಂಟೆಗೆ. ಅಷ್ಟರೊಳಗೆ ಸಹಿ ಬಿದ್ದರೆ ಹಾಳೆ ಅಪ್ಪನ ಜೇಬಿನಲ್ಲಿ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ.

*

ಆ ವಿಮಾನ ನಿಲ್ದಾಣ ಚಿಕ್ಕದು. ಐವತ್ತು ಜನ ಕೂರುವ ಜೆಟ್ಟುಗಳಷ್ಟೇ ಬರುತ್ತಿದ್ದವು; ಅವು ನಿಲ್ಲುವ ಜಾಗಕ್ಕೆ ಸ್ಟ್ಯಾಂಡು ಎನ್ನುತ್ತಿದ್ದರು, ಅಂಥವು ಮೂರೇ ಇದ್ದವು. ಜೆಟ್ಟಿನ ಇಂಧನ ಇರುವುದು ರೆಕ್ಕೆಯೊಳಗೆ. ರೆಕ್ಕೆಯ ತುದಿಯಲ್ಲಿ, ಅಡಿಭಾಗದಲ್ಲಿ, ಟ್ಯಾಂಕು ಉಸಿರಾಡಲೆಂದು ಒಂದು ರಂಧ್ರ. ಕಂಠಮಟ್ಟ ತುಂಬಿಸಿ ಬಿಸಿಲಿಗೆ ನಿಲ್ಲಿಸಿದರೆ ಇಂಧನ ಉಬ್ಬಿ ಆ ರಂಧ್ರದಿಂದ ಹೊರಬೀಳುತ್ತದೆ. ಮೂರನೇ ಸ್ಟ್ಯಾಂಡಿನ ನೆಲ ಸಾಲದ್ದಕ್ಕೆ ಎಡಕ್ಕೆ ಇಳಿಜಾರು. ಬಲರೆಕ್ಕೆಯದೂ ಮೆಲ್ಲಗೆ ಎಡಕ್ಕೇ ಹರಿದು ಬಂದು, ಮೊದಲು ತೊಟ್ಟು, ಆಮೇಲೆ ಧಾರೆ.

"ಅದಕ್ಕೊಂದು ಬಿರಡೆ ಜಡಿಯೋಕಾಗಲ್ವೇನಪ್ಪಾ?" ಎಂದು ಮಗಳು ಚಿಕ್ಕಂದಿನಲ್ಲಿ ಕೇಳಿದ್ದಳು.

"ಜಡಿದ್ರೆ ರೆಕ್ಕೇನೇ ಒಡೆದುಹೋಗುತ್ತೆ ಕಣಮ್ಮ. ಬರೋದು ಬಂದೇ ಬರುತ್ತೆ. ಕೆಳಗೆ ಬಕೆಟ್ ಹಿಡ್ಕೊಂಡು ನಿಂತ್ಕೋಬೇಕು, ಅಷ್ಟೆ."

ಇಪ್ಪತ್ತಾರು ವರ್ಷ ಅವನು ಹಾಗೇ ನಿಂತ. ಹಿಡಿಕೆಗೆ ತಂತಿ ಕಟ್ಟಿ, ಕಿಡಿ ಹಾರದಂತೆ ಅದನ್ನು ನೆಲಕ್ಕೆ ಸಿಕ್ಕಿಸಿದ ತಗಡಿನ ಬಕೆಟ್ಟು ಅದು. ಹೆಸರು ಅದರಿಂದಲೇ ಬಂತು. ಅವನ ಅಂಗಿಯ ವಾಸನೆಗೆ ಹೆದರಿ ಮನೆಗೆ ಬಂದ ನೆಂಟರು ಸಿಗರೇಟು ಹಚ್ಚುತ್ತಿರಲಿಲ್ಲ. ಹೆಂಡತಿ ಗಂಡನಲ್ಲಿ ಮೆಚ್ಚಿಕೊಂಡ ಗುಣಗಳಲ್ಲಿ ಅದೂ ಒಂದು.

ಮೂರನೇ ಸ್ಟ್ಯಾಂಡಿನಲ್ಲಿ ಮಾತ್ರ ಅವನು ಮುನ್ನೂರು ಲೀಟರು ಕಡಿಮೆ ತುಂಬುತ್ತಿದ್ದ. ಯಾವ ಪುಸ್ತಕದಲ್ಲೂ ಇಲ್ಲದ ಲೆಕ್ಕ ಅದು. ಹೊಸ ಮ್ಯಾನೇಜರು ಬಂದ ಮೇಲೆ ಅದು ನಿಂತಿತು. ವಿಮಾನ ಹೋಗುವ ಊರಿನಲ್ಲಿ ಇಂಧನ ಸಿಗುತ್ತಿರಲಿಲ್ಲ, ಬರುವ ದಾರಿಗೂ ಇಲ್ಲಿಂದಲೇ ತುಂಬಬೇಕು ಎಂದು ಆಜ್ಞೆಯಾಯಿತು. ತುಂಬಿದ. ಒಂದು ಮಧ್ಯಾಹ್ನ ಬಕೆಟ್ಟೂ ತುಂಬಿ, ನೆಲವೂ ತೊಯ್ದು, ಪ್ರಯಾಣಿಕರನ್ನು ವಾಪಸು ಕಳಿಸಬೇಕಾಯಿತು. ಮರುದಿನ ಅವನ ಕೈಗೆ ಪತ್ರ ಬಂತು: ಅಜಾಗರೂಕತೆಯಿಂದ ಇಂಧನ ಚೆಲ್ಲಿದ್ದೀರಿ.

ಅವನು ಮ್ಯಾನೇಜರನ್ನು ಕರೆದೊಯ್ದು ಮೂರನೇ ಸ್ಟ್ಯಾಂಡಿನ ಮೇಲೆ ಒಂದು ಗಾಜಿನ ಗೋಲಿ ಇಟ್ಟ. ಅದು ಯೋಚನೆ ಮಾಡುತ್ತಾ ಎಡಕ್ಕೆ ಉರುಳಿ ಮ್ಯಾನೇಜರ ಬೂಟಿಗೆ ತಾಗಿ ನಿಂತಿತು.

"ನಕ್ಷೆಯಲ್ಲಿ ಸಮತಟ್ಟು ಅಂತಿದೆಯಲ್ರೀ," ಅಂದರು ಮ್ಯಾನೇಜರು.

"ಗೋಲಿಗೆ ನಕ್ಷೆ ಓದೋಕೆ ಬರಲ್ಲ ಸಾರ್."

ಆ ಮಾತೂ ಪತ್ರದ ಫೈಲಿಗೆ ಸೇರಿತು.

*

ಮ್ಯಾನೇಜರು ಸ್ಮಶಾನಕ್ಕೆ ಎರಡೂವರೆಗೆ ಬಂದರು. ಕಪ್ಪು ಕೋಟು, ಕೈಯಲ್ಲಿ ಹೂವು. ಮಗಳು ಹೂವು ಇಸಿದುಕೊಂಡು ಹಾಳೆ ಕೊಟ್ಟಳು.

"ಇವತ್ತು ಇದೆಲ್ಲ ಬೇಡಮ್ಮ."

"ನಾಳೆ ಅಪ್ಪ ಇರಲ್ಲ ಸಾರ್."

ಅವರು ಓದಿದರು. ಒಂದು ಸಾಲಿಗೆ ಬೇಕಾದ್ದಕ್ಕಿಂತ ಬಹಳ ಹೊತ್ತು ಓದಿದರು.

"ನಾನು ಸಹಿ ಹಾಕಿದ್ರೆ ಆ ಸ್ಟ್ಯಾಂಡ್ ಮುಚ್ಬೇಕು. ಇರೋದೇ ಮೂರು. ಮುಚ್ಚೋ ಅಧಿಕಾರ ನನಗಿಲ್ಲ. ಅಧಿಕಾರ ಇರೋರು ಇಲ್ಲಿಗೆ ಬಂದು ನೋಡಲ್ಲ."

"ವಾಲಿದೆಯೋ ಇಲ್ವೋ, ಅದನ್ನ ಹೇಳಿ."

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಅವರು ಕೇಳಿಸಿಕೊಂಡರು, ಸುತ್ತ ನೋಡಿದರು. ಇಂಧನದವರೆಲ್ಲ ಪೆಟ್ಟಿಗೆಯ ಪಕ್ಕ ನಿಂತಿದ್ದರು.

"ಬಂದೆ," ಅಂದರು ಫೋನಿಗೆ. ಹಾಳೆಯನ್ನು ಮಡಿಕೆ ಕೆಡದಂತೆ ವಾಪಸು ಕೊಟ್ಟು, ಪೆಟ್ಟಿಗೆಗೆ ತಲೆಬಾಗಿ ಹೊರಟರು.

*

ಕೊನೆಯ ದಿನಗಳಲ್ಲಿ, ಆಸ್ಪತ್ರೆಯಲ್ಲಿ, ಬಕೆಟ್ಟಣ್ಣನ ಎದೆಗೊಂದು ಕೊಳವೆ ಸಿಕ್ಕಿಸಿದ್ದರು. ಒಳಗೆ ತುಂಬಿಕೊಂಡ ನೀರು ತೊಟ್ಟು ತೊಟ್ಟಾಗಿ ಮಂಚದ ಕೆಳಗಿನ ಬಾಟಲಿಗೆ ಇಳಿಯುತ್ತಿತ್ತು.

"ಇದು ತುಂಬಿದ್ರೆ ಏನ್ಮಾಡ್ತೀರಿ ಸಿಸ್ಟರ್?"

"ಬೇರೆದು ಇಡ್ತೀವಿ."

"ನಿಲ್ಸೋಕಾಗಲ್ವಾ?"

ನರ್ಸು ಬಾಟಲಿ ನೇರ ಮಾಡಿದಳು. ಅವನು ತಲೆಯಾಡಿಸಿದ, ಕೆಲಸ ಬಲ್ಲವರು ಸಿಕ್ಕರೆ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಆಮೇಲೆ ಮಗಳ ಕಡೆ ತಿರುಗಿ ಹಾಳೆ ಕೊಟ್ಟ.

"ಒಂದು ಸಹಿ ಹಾಕಿಸ್ಕೊಂಡು ಬಾರಮ್ಮ. ನೋಡ್ಕೊಂಡು ಹೋಗ್ತೀನಿ."

ಅವಳು ಮೂರು ಸಲ ಹೋದಳು. ಮೂರು ಸಲವೂ ಮ್ಯಾನೇಜರು ಮೀಟಿಂಗಿನಲ್ಲಿದ್ದರು.

*

ಪೆಟ್ಟಿಗೆ ಸರಿಯಾಗಿ ಮೂರಕ್ಕೆ ಚಿತಾಗಾರದ ಒಳಗೆ ಹೋಯಿತು. ಹಾಳೆ ಹೊರಗೇ ಉಳಿಯಿತು.

"ಸಹಿ ಇಲ್ದೇನೇ ಇಡಬಹುದಿತ್ತು ಕಣೇ," ಅಂದಳು ಅಮ್ಮ.

"ಸ್ಟ್ಯಾಂಡು ವಾಲಿದೆ ಅನ್ನೋದು ಅಪ್ಪಂಗೆ ಗೊತ್ತಿರೋ ವಿಷಯಾನೇ ಅಲ್ವಾಮ್ಮ."

ಮೂರೂಮುಕ್ಕಾಲಿಗೆ ಒಂದು ವಿಮಾನವಿತ್ತು. ಪೈಪುವನ್ನು ಕೆಲಸಕ್ಕೆ ಬಿಡಲು ಮಗಳೇ ಕಾರು ತೆಗೆದಳು. ಅಮ್ಮ ಹಿಂದೆ ಕೂತಳು. ದಾರಿಯುದ್ದಕ್ಕೂ ಪೈಪು ಆಕಾಶ ನೋಡುತ್ತಿದ್ದ.

"ಏನು ಬಿಸಿಲು ನೋಡಕ್ಕಾ. ಬೆಳಿಗ್ಗೇನೇ ಕಂಠಮಟ್ಟ ತುಂಬ್ಸಿ ಬಂದಿದೀವಿ."

ಗೇಟಿನ ಬಳಿ ಕಾರು ನಿಂತಿತು. ತಂತಿಬೇಲಿಯಾಚೆ ಮೂರನೇ ಸ್ಟ್ಯಾಂಡಿನಲ್ಲಿ ಜೆಟ್ಟು ನಿಂತಿತ್ತು. ಎಡರೆಕ್ಕೆಯ ತುದಿಯಿಂದ ನೂಲಿನಷ್ಟು ಸಣ್ಣಗೆ ಒಂದು ಧಾರೆ ಹೊಳೆಯುತ್ತಾ ಇಳಿಯುತ್ತಿತ್ತು. ಅದರಡಿ ಕಪ್ಪು ಕೋಟಿನಲ್ಲಿ ಮ್ಯಾನೇಜರು ಬಕೆಟ್ಟಣ್ಣನ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಹಿಡಿಕೆಯ ತಂತಿ ಎಲ್ಲಿಗೂ ಸಿಕ್ಕದೆ ಜೋತಾಡುತ್ತಿತ್ತು.

"ಅಯ್ಯೋ, ತಂತಿ!" ಎಂದು ಪೈಪು ಬಾಗಿಲು ತೆರೆದು ಓಡಿದ.

ಮಗಳು ಹಾಳೆ ಹಿಡಿದುಕೊಂಡೇ ಬೇಲಿಯ ಬಳಿ ಹೋದಳು. ಮ್ಯಾನೇಜರು ಅವಳನ್ನು ಕಂಡರು. ಕೈ ಎತ್ತುವಂತಿರಲಿಲ್ಲ. ಧಾರೆ ಬಕೆಟ್ಟಿನ ಅಂಚಿಗೆ ಬಡಿದು ಬೂಟಿಗೆ ಸಿಡಿಯಿತು. ಅವಳ ಮೇಲಿನ ಕಣ್ಣು ತೆಗೆಯದೆ ಅವರು ಅರ್ಧ ಹೆಜ್ಜೆ ಎಡಕ್ಕೆ ಸರಿದರು.