ಸೆನುವಾರಾಳ ಬದಲು ಬಂದವಳು

ಹದಿನಾಲ್ಕರ ಸೆನುವಾರಾ ಇದ್ದಕ್ಕಿದ್ದಂತೆ ಕ್ಲಾಸಿಗೆ ಬರುವುದನ್ನು ನಿಲ್ಲಿಸಿದಳು. ಅವಳ ಬದಲು ಅವಳಮ್ಮ ದಿಲ್ದಾರಾ ಬಂದು, ಅದೇ ಕುರ್ಚಿಯಲ್ಲಿ ಕೂತು ನನ್ನನ್ನು ದುರುಗುಟ್ಟಿ ನೋಡತೊಡಗಿದಳು.

ಪರದೇಶದ ಈ ಈಸ್ಟ್ ತಮಾಕಿ ಬಡಾವಣೆಯ ಗೋದಾಮುಗಳ ಹಿಂದಿನ ಹಾಲ್‌ನಲ್ಲಿ ರೋಹಿಂಗ್ಯಾ ಹುಡುಗಿಯರಿಗೆ ಪ್ರತಿ ಶನಿವಾರ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಒಬ್ಬ ಗಂಡಸೂ ಒಳಗೆ ಕಾಲಿಡುವುದಿಲ್ಲ ಎಂದು ಮನೆಮನೆಗೆ ಹೋಗಿ ಮಾತು ಕೊಟ್ಟವಳು ನಾನೇ. ಆ ಮಾತು ನಂಬಿಯೇ ತಾಯಂದಿರು ಮಕ್ಕಳನ್ನು ಕಳಿಸುತ್ತಿದ್ದರು.

"ಮಗಳೆಲ್ಲಿ?" ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

"ಮನೇಲಿದಾಳೆ." ಅಷ್ಟೇ.

ಮೂರು ವಾರ ಇದೇ ಕಥೆ. ಪುಣ್ಯಾತ್ಗಿತ್ತಿ ಪೆನ್ಸಿಲ್ ಮುಟ್ಟಲಿಲ್ಲ. ಕಿಟಕಿಯ ಚಿಲಕ ಅಲ್ಲಾಡಿಸಿದಳು, ಹಿಂಬಾಗಿಲು ತೆಗೆದು ಇಣುಕಿದಳು. ಮೂರನೇ ವಾರ ಅವಳ ಚೀಲದಲ್ಲಿ ಜರಿಯಂಚಿನ ಹೊಸ ಕೆಂಪು ಬಟ್ಟೆ ಕಂಡಿತು. ಮದುವೆ! ಇನ್ನೇನು?

ಕ್ಲಾಸು ನಡೆಸುವ ಸಂಸ್ಥೆಯ ಶಿವಪ್ರಸಾದನಿಗೆ ಫೋನ್ ಮಾಡಿದೆ.

"ಆ ಹುಡುಗೀನ ಯಾರಿಗೋ ಕಟ್ಟಿಬಿಡ್ತಾರೆ ಕಣಪ್ಪಾ. ಶನಿವಾರ ಹನ್ನೊಂದಕ್ಕೆ ಬಂದು ತಾಯೀನ ವಿಚಾರಿಸು."

"ಯಾಮಿನಿ ಆಂಟಿ, ಅಲ್ಲಿಗೆ ನಾನು ಬರೋ ಹಾಗಿಲ್ವಲ್ಲ?"

"ಮಗು ಬಾಳು ಹಾಳಾದ್ಮೇಲೆ ರೂಲ್ಸು ಇಟ್ಕೊಂಡು ಏನ್ಮಾಡ್ತೀಯ? ಸುಮ್ನೆ ಬಾರಪ್ಪ."

ಶನಿವಾರ ದಿಲ್ದಾರಾ ತಡವಾಗಿ ಬಂದಳು. ಹಿಂದೆ ಸೆನುವಾರಾ! ಜರಿಯಂಚಿನ ಕೆಂಪು ದುಪಟ್ಟಾ ಹೊದ್ದು, ಪುಸ್ತಕ ಎದೆಗವಚಿಕೊಂಡು ನಿಂತಿದ್ದಳು.

"ಇವಳು ದೊಡ್ಡವಳಾದಳು, ಆಪಾ," ದಿಲ್ದಾರಾ ಮೊದಲ ಸಲ ನಕ್ಕಳು. "ಇನ್ನು ಹೊರಗಿನ ಗಂಡಸರ ಕಣ್ಣಿಗೆ ಬೀಳಬಾರದು. ಅವರಪ್ಪ ಓದು ಸಾಕು ಅಂದ್ರು. ನಾನೇ ನೋಡ್ಕೊಂಡು ಬರ್ತೀನಿ ಅಂದೆ. ಮೂರು ವಾರ ನೋಡಿದೆ, ಯಾರೂ ಬರಲಿಲ್ಲ. ಈ ದುಪಟ್ಟಾ ಕ್ಲಾಸಿಗೇ ಅಂತ ಹೊಲಿದೆ."

ದೊಡ್ಡವಳಾದಾಗ ನನಗೂ ಅಮ್ಮ ಹೊಸ ಲಂಗ ಹೊಲಿಸಿದ್ದಳು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಗಡಿಯಾರ ನೋಡಿದೆ, ಹನ್ನೊಂದು. ಬಾಗಿಲ ಕಡೆ ಓಡಿದೆ. ನಾನು ಮುಟ್ಟುವ ಮೊದಲೇ ಅದು ತೆರೆಯಿತು.

"ಆಂಟಿ, ಆ ತಾಯಿ ಯಾರು?" ಎಂದ ಶಿವಪ್ರಸಾದ.

ಹುಡುಗಿಯರು ಚೀರಿ ಮುಖ ಮುಚ್ಚಿಕೊಂಡರು. ನಾನು ಅವನನ್ನು ಹೊರಗೆ ತಳ್ಳಿ ಬಾಗಿಲು ಹಾಕಿದೆ.

"ನೀವೇ ಕರೆದ್ರಾ?" ದಿಲ್ದಾರಾ ಕೇಳಿದಳು.

ಸುಳ್ಳು ಹೇಳಬಹುದಿತ್ತು. "ಹೂಂ," ಎಂದೆ.

ಅವಳು ಮಗಳ ಕೈಯಿಂದ ಪುಸ್ತಕ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಉಳಿದ ಹುಡುಗಿಯರೂ ಎದ್ದು ಒಬ್ಬೊಬ್ಬರಾಗಿ ತಮ್ಮ ಪುಸ್ತಕ ತಂದು ಅದರ ಮೇಲಿಟ್ಟರು.