ಲೇಟಾದವರ ಸಾಲು

ನಮ್ಮಕ್ಕ ಅಕ್ಷತ ದಾಬಸ್‌ಪೇಟೆ ಹತ್ತಿರದ ಒಂದು ಪ್ರೈವೇಟ್ ಸ್ಕೂಲಲ್ಲಿ ಮ್ಯಾಥ್ಸ್ ಟೀಚರ್. ಸೋಂಪುರದ ಫ್ಯಾಕ್ಟರಿಗೆ ಹೋಗೋ ದಾರೀಲಿ ಅವಳನ್ನ ಬೈಕಲ್ಲಿ ಬಿಡೋದು ನಾನೇ. ಸೋಮವಾರ ಜಂಕ್ಷನ್ನಲ್ಲಿ ಕಂಟೇನರ್ ಲಾರಿ ಅಡ್ಡ ನಿಂತು, ನಾವು ಮುಟ್ಟೋ ಹೊತ್ತಿಗೆ ಬೆಲ್ ಹೊಡೆದಿತ್ತು. ಪ್ರಿನ್ಸಿಪಾಲ್ ಗೋವಿಂದರಾಜು ಗೇಟಲ್ಲೇ ನಿಂತಿದ್ದ.

"ರೂಲ್ ಎಲ್ಲರಿಗೂ ಒಂದೇ, ಮಿಸ್," ಅಂತ ಗೋಡೆ ಕಡೆ ಬೆರಳು ತೋರಿಸಿದ.

ಲೇಟಾಗಿ ಬಂದ ಮಕ್ಕಳು ಪ್ರೇಯರ್ ಮುಗಿಯೋವರೆಗೂ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅಕ್ಕನೂ ನಿಂತಳು. ಪಕ್ಕದಲ್ಲಿ ಅವಳದೇ ಕ್ಲಾಸಿನ ಹುಡುಗಿ. ಇಡೀ ಸ್ಕೂಲು ನೋಡ್ತು.

ಹಂಗೆ ಗೋಡೆ ನೋಡಿ ನೋಡಿ ಸಾಕಾಗಿಯೇ ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು ನಾನು. ಮೈಯೆಲ್ಲ ಉರಿದುಹೋಯ್ತು.

"ಅವನ ಕಾಲರ್ ಹಿಡಿದು ರೋಡಿಗೆ ಎಳೀತೀನಿ," ಅಂದೆ ಸಂಜೆ.

"ಎಳಿ. ಕೆಲಸ ಹೋಗೋದು ನಂದು ತಾನೆ? ಬಾಯಿ ಮುಚ್ಕೊಂಡು ಊಟ ಮಾಡು." ಆಮೇಲೆ ತಟ್ಟೆ ನೋಡ್ತಾ ಅಂದಳು: "ಕ್ಲಾಸಲ್ಲಿ ಒಬ್ಬ, 'ಮಿಸ್, ನೀವೂ ಹೋಂವರ್ಕ್ ಮಾಡಿರ್ಲಿಲ್ವಾ' ಅಂದ ಕಣೋ. ಎಲ್ಲಾ ನಕ್ಕುಬಿಟ್ರು. ಇನ್ನು ನನ್ನ ಮಾತು ಯಾರು ಕೇಳ್ತಾರೆ?"

ಗುರುವಾರ ಅಕ್ಕಂದೇ ಗೇಟ್ ಡ್ಯೂಟಿ. ಬೇಗ ಬಿಟ್ಟು, ಎದುರುಗಡೆ ಅಂಗಡೀಲಿ ಟೀ ಕುಡೀತಿದ್ದೆ. ಬೆಲ್ ಹೊಡೀತು, ಅಕ್ಕ ಗೇಟ್ ಹಾಕಿದಳು. ಲೇಟಾದ ಮಕ್ಕಳು ಚಿಕ್ಕ ಗೇಟಿಂದ ಬಂದು ಗೋಡೆಗೆ ನಿಂತವು. ಆಗ ಬಂತು ಗೋವಿಂದರಾಜು ಕಾರು. ಹಾರ್ನು. ಮತ್ತೆ ಹಾರ್ನು. ಒಳಗೆ ಪ್ರೇಯರ್ ದನಿ ತಗ್ಗಿತು.

"ಗೇಟ್ ತೆಗೀರಿ ಮಿಸ್. ಜಂಕ್ಷನ್ನಲ್ಲಿ ಜಾಮು."

"ಗೊತ್ತು ಸರ್. ಸೋಮವಾರ ನಂಗೂ ಅದೇ ಆಗಿದ್ದು."

"ಏನ್ರೀ, ತಮಾಷೆನಾ? ನಾನು ಪ್ರಿನ್ಸಿಪಾಲು!"

ಲೋಟ ಕುಕ್ಕಿ ಎದ್ದೆ. ಅಕ್ಕ ನನ್ನ ಕಡೆ ಒಂದು ಸಲ ಕಣ್ಣು ಬಿಟ್ಟಳು. ಅಲ್ಲೇ ನಿಂತೆ.

ಅವಳು ದೊಡ್ಡ ಗೇಟು ಪೂರ್ತಿ ತೆಗೆದಳು. ಕಾರು ಗೋಡೆ ಸಾಲು ದಾಟ್ಕೊಂಡು ಒಳಗೆ ಹೋಯ್ತು. ಥೂ, ಸೋತ್ಬಿಟ್ಟಳು ಅಂದ್ಕೊಂಡೆ.

ಅಕ್ಕ ಗೋಡೆ ಕಡೆ ತಿರುಗಿ, ಫೀಲ್ಡಿಗೆಲ್ಲ ಕೇಳೋ ಹಾಗೆ ಕೂಗಿದಳು: "ರೂಲ್ ಎಲ್ಲರಿಗೂ ಒಂದೇ. ಸರ್ ಒಳಗೆ ಹೋದ್ರು, ನೀವೂ ನಡೀರಿ."

ಯಾರೂ ಅಲುಗಲಿಲ್ಲ. ಸೋಮವಾರ ಪಕ್ಕದಲ್ಲಿ ನಿಂತಿದ್ದ ಹುಡುಗಿ ಮೊದಲು ಬ್ಯಾಗು ಎತ್ಕೊಂಡು ಓಡಿದಳು. ಹಿಂದೇನೇ ಎಲ್ಲಾ.

ಗೋವಿಂದರಾಜು ಕಾರಿಂದ ಇಳಿದವನು ಕಿರುಚಿದ: "ಮಿಸ್! ಈಗ್ಲೇ ಆಫೀಸಿಗೆ ಬನ್ನಿ!"

"ಬರ್ತೀನಿ ಸರ್. ಪ್ರೇಯರ್ ಮುಗೀಲಿ."

ಅಕ್ಕ ಹೋಗಿ ತನ್ನ ಕ್ಲಾಸಿನ ಮುಂದೆ ನಿಂತಳು. ಯಾರೂ ಹೇಳದೇ ಇದ್ರೂ ಆ ಸಾಲು ನೆಟ್ಟಗಾಯ್ತು. ಒಬ್ಬನೂ ನಗಲಿಲ್ಲ.

ನಾನು ಶಿಫ್ಟಿಗೆ ಹೋಗಲಿಲ್ಲ. ಬೈಕು ಗೇಟಿಗೇ ತಂದು ನಿಲ್ಲಿಸಿದೆ. ಆಫೀಸಿಂದ ಕೆಲಸ ಕಳ್ಕೊಂಡು ಬಂದ್ರೆ, ಅವಳು ಬಸ್ಸಿಗೆ ಕಾಯ್ತಾ ನಿಲ್ಲಬಾರದು.